ನಾಣ್ಯದ ಮೇಜಿನ ಮೇಲೆ ಒಂದು ಮ್ಯಾಕ್ರೊ ಲೆನ್ಸ್: ಕ್ಯಾನನ್ ಇಎಫ್ 100 ಮಿ.ಮೀ. ಎಫ್/2.8 ಎಲ್

ಕ್ಯಾನನ್ ಇಎಫ್ 100 ಮಿ.ಮೀ. ಎಫ್/2.8 ಎಲ್ ಮ್ಯಾಕ್ರೊ ಐಎಸ್ ಯುಎಸ್‌ಎಂ ಎಂಬ ಉದ್ದ ಹೆಸರಿನ ಮ್ಯಾಕ್ರೊ ಲೆನ್ಸ್ (ಸಣ್ಣ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವಂಥದ್ದು) 2009ರಲ್ಲಿ ಹೊರಬಂದಂದಿನಿಂದ ಅದನ್ನು ಮೆಚ್ಚಿ ಬರೆಯುವವರು ಸಾಮಾನ್ಯವಾಗಿ ಹೂವು, ಚಿಟ್ಟೆ, ಜೇಡಗಳ ಬೆನ್ನುಹತ್ತಿ ಬಯಲಲ್ಲಿ ಓಡಾಡುವ ಛಾಯಾಗ್ರಾಹಕರು. ನಾನು ಅದನ್ನು ಬಳಸುವ ಜಾಗ ಬೇರೆಯೇ ಆಗಿದೆ. ವಸ್ತುಸಂಗ್ರಹಾಲಯವೊಂದರ ನಾಣ್ಯ ಮತ್ತು ನೋಟುಗಳ ವಿಭಾಗದಲ್ಲಿ, ಕಾಪಿ ಸ್ಟ್ಯಾಂಡಿನ ಕಂಬಕ್ಕೆ ಬಿಗಿದ ಕ್ಯಾಮೆರಾದ ಕೆಳಗೆ, ನೆಟ್ಟಗೆ ನೆಲವನ್ನೇ ನೋಡುತ್ತ ಈ ಲೆನ್ಸ್ ದಿನವಿಡೀ ಕೆಲಸ ಮಾಡುತ್ತದೆ. ಇಂಥ ಕೆಲಸದಲ್ಲಿ ಈ ಲೆನ್ಸಿನ ಹೆಸರುವಾಸಿ ಗುಣಗಳಲ್ಲಿ ಅರ್ಧದಷ್ಟು ಇದ್ದೂ ಇಲ್ಲದಂತೆ ಉಳಿದುಬಿಡುತ್ತವೆ. ಆದರೂ ನಾನು ಅದನ್ನು ಸ್ಟ್ಯಾಂಡಿನಿಂದ ಇಳಿಸುವುದಿಲ್ಲ. ಕಾರಣ ಜಾಹೀರಾತಿನಲ್ಲಿ ಕಾಣದ ಒಂದೆರಡು ಅಳತೆಗಳಲ್ಲಿದೆ, ಈ ವಿಮರ್ಶೆ ಹೆಚ್ಚಾಗಿ ಅವುಗಳ ಬಗ್ಗೆಯೇ.

ಮೊದಲು ಕೆಲಸದ ಸ್ವರೂಪವನ್ನು ಹೇಳಬೇಕು. ಹಣದ ಸಂಗ್ರಹವೆಂದರೆ ಒಂದೇ ಗಾತ್ರದ ವಸ್ತುಗಳ ರಾಶಿಯಲ್ಲ. ಇಂದಿನ ಟರ್ಕಿಯ ಪಶ್ಚಿಮದಲ್ಲಿದ್ದ ಲಿಡಿಯಾ ಮತ್ತು ಅಯೋನಿಯಾ ಪ್ರದೇಶದ ಎಲೆಕ್ಟ್ರಮ್ (ಚಿನ್ನ ಬೆಳ್ಳಿಯ ಮಿಶ್ರಲೋಹ) ಚೂರುನಾಣ್ಯಗಳಲ್ಲಿ ಕೆಲವು 5 ಮಿ.ಮೀ. ಅಗಲವನ್ನೂ ಮುಟ್ಟುವುದಿಲ್ಲ. ರೋಮಿನ ಬೆಳ್ಳಿ ನಾಣ್ಯವಾದ ಡೆನೇರಿಯಸ್ 18ರಿಂದ 20 ಮಿ.ಮೀ. ಇರುತ್ತದೆ. ಚೀನಾದ ಮಿಂಗ್ ರಾಜವಂಶವು 1375ರಲ್ಲಿ ಹೊರಡಿಸಿದ ಹಿಪ್ಪುನೇರಳೆ ತೊಗಟೆಯ ಕಾಗದದ ನೋಟು ಸುಮಾರು 34 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲವಿದೆ. ಸ್ವೀಡನ್ 1644ರಲ್ಲಿ ಅಚ್ಚುಹಾಕಿದ 10 ಡಾಲೆರ್ (ಆ ದೇಶದ ಹಳೆಯ ಹಣ) ಮೌಲ್ಯದ ತಾಮ್ರದ ಹಲಗೆಯಂತೂ 20 ಕಿಲೊಗ್ರಾಂ ಹತ್ತಿರ ತೂಗುತ್ತದೆ, ಅದನ್ನು ಎತ್ತಲು ಇಬ್ಬರು ಬೇಕು. ಇವೆಲ್ಲವನ್ನೂ ಒಂದೇ ಶಿಸ್ತಿನಲ್ಲಿ, ಒಂದೇ ಬಣ್ಣದ ಅಳತೆಯಲ್ಲಿ, ಮುಂಬದಿ ಹಿಂಬದಿ ಎರಡನ್ನೂ ದಾಖಲಿಸಬೇಕು. ಚಿತ್ರ ಸುಂದರವಾಗಿದ್ದರೆ ಒಳ್ಳೆಯದೇ, ಆದರೆ ಅದು ಎರಡನೆಯ ಮಾತು. ಅಚ್ಚಿನಲ್ಲಿ ಬಿದ್ದ ಬಿರುಕು, ಅಕ್ಷರದ ಸವೆತ, ಕಿಲುಬಿನ ಕೆಳಗೆ ಉಳಿದಿರುವ ಗೆರೆ, ಅಂಚನ್ನು ಕತ್ತರಿಸಿ ಲೋಹ ಕದ್ದ ಗುರುತು, ಇವು ಸಂಶೋಧಕನಿಗೆ ನಾಣ್ಯವನ್ನು ಕೈಗೆತ್ತಿಕೊಳ್ಳದೆಯೇ ಕಾಣಿಸಬೇಕು. ಒಮ್ಮೆ ಚಿತ್ರ ಸರಿಯಾಗಿ ಬಂದರೆ ಆ ನಾಣ್ಯ ತಟ್ಟೆಯಿಂದ ಹೊರಬರುವ ಪ್ರಸಂಗಗಳು ಕಡಿಮೆಯಾಗುತ್ತವೆ, ಬೆರಳಿನ ಬೆವರಿನಿಂದಲೂ ಅದು ಪಾರಾಗುತ್ತದೆ.

ಲೆನ್ಸಿನ ಮುಖ್ಯ ವಿವರಗಳು ಹೀಗಿವೆ. ಒಳಗೆ 12 ಗುಂಪುಗಳಲ್ಲಿ 15 ಗಾಜುಗಳಿವೆ, ಅವುಗಳಲ್ಲಿ ಒಂದು ಬಣ್ಣಗಳು ಚದುರುವುದನ್ನು ತಗ್ಗಿಸುವ ಯುಡಿ ಗಾಜು. ಅಪರ್ಚರಿನ (ಬೆಳಕು ಒಳಬರುವ ಕಿಂಡಿಯ) ಎಲೆಗಳು 9, ತೂಕ ಸುಮಾರು 625 ಗ್ರಾಂ, ಫಿಲ್ಟರ್ ಗಾತ್ರ 67 ಮಿ.ಮೀ. ಅತಿ ಹತ್ತಿರದ ಫೋಕಸ್ ದೂರ ಸೆನ್ಸರಿನಿಂದ 30 ಸೆಂ.ಮೀ., ಅಲ್ಲಿ ವಸ್ತು ಮತ್ತು ಅದರ ಬಿಂಬ ಸರಿಸಮ ಗಾತ್ರದಲ್ಲಿರುತ್ತವೆ, ಅಂದರೆ 1:1. ಫೋಕಸ್ ಬದಲಾದಾಗ ಲೆನ್ಸ್ ಉದ್ದವಾಗುವುದಿಲ್ಲ, ಮುಂದಿನ ಭಾಗ ತಿರುಗುವುದೂ ಇಲ್ಲ. ಈ ಕೊನೆಯ ಮಾತನ್ನು ಬಯಲಿನ ಛಾಯಾಗ್ರಾಹಕ ಓದಿ ಮುಂದೆ ಹೋಗಬಹುದು. ಲೆನ್ಸಿನ ಬಾಯಿಯ ಕೆಳಗೆ ಗಾಜಿನ ಹಲಗೆಯನ್ನೋ ಕ್ರಿಸ್ತಪೂರ್ವದ ಬೆಳ್ಳಿಯನ್ನೋ ಇಟ್ಟು ಕೆಲಸ ಮಾಡುವವನಿಗೆ, ಕೊಳವೆ ತಾನಾಗಿ ಕೆಳಗಿಳಿಯುವುದಿಲ್ಲ ಎಂಬ ಭರವಸೆಯೇ ದೊಡ್ಡದು.

ನನ್ನ ದೃಷ್ಟಿಯಲ್ಲಿ ಈ ಲೆನ್ಸಿನ ನಿಜವಾದ ಬೆಲೆ ಇರುವುದು 1:1ರಲ್ಲಿ ಲೆನ್ಸಿನ ತುದಿಗೂ ನಾಣ್ಯಕ್ಕೂ ನಡುವೆ ಉಳಿಯುವ ಸುಮಾರು 13 ಸೆಂ.ಮೀ. ಜಾಗದಲ್ಲಿ. ನಾಣ್ಯದ ಛಾಯಾಗ್ರಹಣವೆಂದರೆ ಬಹುಪಾಲು ಬೆಳಕಿನ ಕೆಲಸ, ಬೆಳಕಿಗೆ ಒಳಬರಲು ಜಾಗ ಬೇಕು. ಲೋಹ ಕಾಗದದಂತೆ ಬೆಳಕನ್ನು ಎಲ್ಲ ಕಡೆಗೆ ಚೆಲ್ಲುವುದಿಲ್ಲ, ಬಂದ ಕೋನಕ್ಕೆ ಸರಿಯಾಗಿ ಹಿಂದಿರುಗಿಸುತ್ತದೆ. ದೀಪವನ್ನು ತೀರ ಬದಿಯಿಂದ ಇಟ್ಟರೆ ಉಬ್ಬುಗಳ ನೆರಳು ಉದ್ದವಾಗಿ ಬಿದ್ದು ರಾಜನ ಮೂಗು ಕೆನ್ನೆಯನ್ನೇ ನುಂಗುತ್ತದೆ. ದೀಪವನ್ನು ಮೇಲಕ್ಕೆ ತಂದಷ್ಟೂ ಲೋಹದ ಮೈ ಬೆಳಗುತ್ತದೆ, ಆದರೆ ಒಂದು ಹಂತದಲ್ಲಿ ಲೆನ್ಸಿನ ಕೊಳವೆಯೇ ಅಡ್ಡ ಬರುತ್ತದೆ. ಈ ಲೆನ್ಸಿನ ಅಡ್ಡಳತೆ 77.7 ಮಿ.ಮೀ. ಆದ್ದರಿಂದ 13 ಸೆಂ.ಮೀ. ದೂರದಲ್ಲಿ, ಲಂಬ ರೇಖೆಯಿಂದ ಸುಮಾರು 16 ಡಿಗ್ರಿಯಷ್ಟು ಹತ್ತಿರದವರೆಗೆ ಬೆಳಕನ್ನು ತರಬಹುದು. ಅದೇ ಕಂಪನಿಯ 60 ಮಿ.ಮೀ. ಮ್ಯಾಕ್ರೊ ಲೆನ್ಸಿನಲ್ಲಿ ಉಳಿಯುವ ಜಾಗ 9 ಸೆಂ.ಮೀ. ಮಾತ್ರ, ಅಲ್ಲಿ ಲೆಕ್ಕ 22 ಡಿಗ್ರಿಗೆ ನಿಲ್ಲುತ್ತದೆ. ಕಾಗದದ ಮೇಲೆ ಆರು ಡಿಗ್ರಿ ಸಣ್ಣ ವ್ಯತ್ಯಾಸವೆನಿಸಬಹುದು, ಆದರೆ ಸವೆದ ಬೆಳ್ಳಿಯ ಮೇಲೆ ಬರಹ ಓದಲು ಸಿಗುವುದೂ ಸಿಗದಿರುವುದೂ ಎಷ್ಟೋ ಸಲ ಅಷ್ಟರಲ್ಲೇ ತೀರ್ಮಾನವಾಗುತ್ತದೆ.

ಸಂಗ್ರಹಕಾರರಿಗಾಗಿಯೇ ಕನ್ನಡಿಯಂತೆ ಹೊಳೆಯುವ ಹಾಗೆ ಟಂಕಿಸಿದ ಪ್ರೂಫ್ ನಾಣ್ಯಗಳ ವಿಷಯದಲ್ಲಿ ಈ ಜಾಗದ ಉಪಯೋಗ ಇನ್ನೂ ಸ್ಪಷ್ಟ. ಮೇಲಿನಿಂದ ನೋಡುವ ಲೆನ್ಸಿಗೆ ಅಂಥ ನಾಣ್ಯದ ಬಯಲು ಭಾಗದಲ್ಲಿ ತನ್ನದೇ ಕಪ್ಪು ಬಾಯಿ ಕಾಣುತ್ತದೆ, ಚಿತ್ರದಲ್ಲಿ ಹಿನ್ನೆಲೆ ಕಪ್ಪಗೆ ಬಂದು ಉಬ್ಬಿದ ಚಿತ್ರ ಮಾತ್ರ ಬೆಳ್ಳಗೆ ನಿಲ್ಲುತ್ತದೆ. ಕೆಲವು ಕ್ಯಾಟಲಾಗುಗಳಿಗೆ ಇದೇ ಬೇಕು. ಆಗ ಕಪ್ಪು ಕಾರ್ಡಿನಲ್ಲಿ ಲೆನ್ಸಿನ ಬಾಯಿಯಷ್ಟು ತೂತು ಕೊರೆದು ಕೊಳವೆಗೆ ತೊಡಿಸಿದರೆ ಕ್ಯಾಮೆರಾದ ಹೊಳೆಯುವ ಭಾಗಗಳ ಪ್ರತಿಬಿಂಬ ಮಾಯವಾಗುತ್ತದೆ. ಬಯಲು ಭಾಗ ಬೆಳಗಬೇಕೆಂದರೆ ಮಾತ್ರ ಲೆನ್ಸಿನ ದಾರಿಯಲ್ಲೇ ಬೆಳಕು ಇಳಿಯಬೇಕು. ಅದಕ್ಕೆ ನಾಣ್ಯ ಮತ್ತು ಲೆನ್ಸಿನ ನಡುವೆ ತೆಳುವಾದ ಶುದ್ಧ ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಬದಿಯಿಂದ ದೀಪ ಬಿಡುತ್ತೇವೆ. ಬೆಳಕಿನ ಒಂದು ಪಾಲು ಗಾಜಿಗೆ ಬಡಿದು ನೇರ ಕೆಳಗಿಳಿದು, ನಾಣ್ಯದಿಂದ ಹಿಂದಿರುಗಿ, ಗಾಜನ್ನು ದಾಟಿ ಲೆನ್ಸನ್ನು ಸೇರುತ್ತದೆ. ಓರೆ ಗಾಜು, ಅದರ ಚೌಕಟ್ಟು, ಬದಿಯಲ್ಲಿ ಬೇಡದ ಬೆಳಕನ್ನು ತಡೆಯುವ ಕಪ್ಪು ಕಾಗದ, ಎಲ್ಲ ಸೇರಿ ಆರೇಳು ಸೆಂ.ಮೀ. ಎತ್ತರ ಕೇಳುತ್ತವೆ. ಹದಿಮೂರರಲ್ಲಿ ಅವು ನೆಮ್ಮದಿಯಾಗಿ ಕೂರುತ್ತವೆ, ಒಂಬತ್ತರಲ್ಲಿ ಕೈಯಾಡಿಸಲು ಆಗದಷ್ಟು ಇಕ್ಕಟ್ಟಾಗುತ್ತದೆ. ಹಿಂದಿನ ತಲೆಮಾರಿನ ನಾಣ್ಯಶಾಸ್ತ್ರಜ್ಞರು ಈ ಹೊಳಪಿನ ಕಾಟಕ್ಕೆ ಬೇಸತ್ತು ನಾಣ್ಯದ ಬದಲು ಅದರ ಪ್ಲಾಸ್ಟರ್ ಎರಕವನ್ನೇ ಛಾಯಾಚಿತ್ರ ತೆಗೆಸುತ್ತಿದ್ದರು. ಹಳೆಯ ಕ್ಯಾಟಲಾಗುಗಳ ಫಲಕಗಳು ಸುಣ್ಣದ ಬಿಲ್ಲೆಗಳಂತೆ ಮಂಕಾಗಿ ಕಾಣುವುದು ಅದಕ್ಕೇ. ಉಬ್ಬಿನ ವಿವರ ಅವುಗಳಲ್ಲಿ ಇಂದಿಗೂ ಚೆನ್ನಾಗಿಯೇ ಇದೆ, ಲೋಹದ ಬಣ್ಣ ಮತ್ತು ಕಿಲುಬಿನ ಸಾಕ್ಷ್ಯ ಮಾತ್ರ ಇಲ್ಲ.

ಹಾಗಾದರೆ ಇನ್ನೂ ಉದ್ದದ ಲೆನ್ಸ್ ಏಕೆ ಬೇಡ ಎಂಬ ಪ್ರಶ್ನೆ ನ್ಯಾಯವಾದದ್ದು. ಕ್ಯಾನನ್ನಿನ 180 ಮಿ.ಮೀ. ಮ್ಯಾಕ್ರೊ 1:1ರಲ್ಲಿ ಸುಮಾರು 24 ಸೆಂ.ಮೀ. ಜಾಗ ಬಿಡುತ್ತದೆ, ಬೆಳಕಿಗೆ ಅದು ರಾಜಬೀದಿ. ಆದರೆ ಆಗ ಕ್ಯಾಮೆರಾ ಕಂಬದ ಮೇಲೆ ಇನ್ನಷ್ಟು ಎತ್ತರಕ್ಕೆ ಹೋಗುತ್ತದೆ, ಎತ್ತರ ಹೆಚ್ಚಿದಷ್ಟು ಕಂಬದ ಕಂಪನವೂ ಹೆಚ್ಚುತ್ತದೆ, ತುಸು ದೊಡ್ಡ ನಾಣ್ಯ ಬಂದರೂ ಕಂಬದ ಉದ್ದ ಸಾಲದಾಗುತ್ತದೆ. ಕೆಲಸದ ಮೇಜಿನಲ್ಲಿ 100 ಮಿ.ಮೀ. ಒಂದು ಒಪ್ಪಂದದ ಅಳತೆ. ಇನ್ನೊಂದು ಮಾತನ್ನೂ ಹೇಳಲೇಬೇಕು: ಇದೇ ಕಂಪನಿಯ ಹಳೆಯ, ಸ್ಥಿರೀಕರಣವಿಲ್ಲದ, ಎಲ್ ಗುರುತಿಲ್ಲದ (ಎಲ್ ಎಂದರೆ ಕ್ಯಾನನ್ನಿನ ಉನ್ನತ ದರ್ಜೆಯ ಸರಣಿ) 100 ಮಿ.ಮೀ. ಯುಎಸ್‌ಎಂ ಮ್ಯಾಕ್ರೊ ಲೆನ್ಸ್ ಸುಮಾರು 15 ಸೆಂ.ಮೀ. ಜಾಗ ಬಿಡುತ್ತದೆ. ಅದೂ ಒಳಗೇ ಫೋಕಸ್ ಆಗುವಂಥದ್ದು. ಹಳೆಯದು ಈಗಾಗಲೇ ಕೈಯಲ್ಲಿರುವ ಸಂಸ್ಥೆ ನಾಣ್ಯದ ಸ್ಟ್ಯಾಂಡಿಗಾಗಿ ಮಾತ್ರ ಇದನ್ನು ಕೊಳ್ಳಲು ಹೊರಟರೆ ನಾನು ಬೇಡವೆಂದೇ ಹೇಳುತ್ತೇನೆ.

ಏಕೆಂದರೆ ಹೊಸದರ ದೊಡ್ಡ ಆಕರ್ಷಣೆಯಾದ ಹೈಬ್ರಿಡ್ ಸ್ಥಿರೀಕರಣ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೈಯಲ್ಲಿ ಹಿಡಿದಾಗ ಕ್ಯಾಮೆರಾ ವಾಲುವುದನ್ನೂ, ಹತ್ತಿರದ ವಸ್ತುಗಳಲ್ಲಿ ಹೆಚ್ಚು ತೊಂದರೆ ಕೊಡುವ ಅಡ್ಡ ಸರಿತವನ್ನೂ ಒಟ್ಟಿಗೆ ಸರಿಪಡಿಸುವ ಈ ವ್ಯವಸ್ಥೆ ನಿಜಕ್ಕೂ ಜಾಣತನದ್ದು. ಬಿಗಿಯಾದ ಸ್ಟ್ಯಾಂಡಿನ ಮೇಲೆ ಮಾತ್ರ ಸರಿಪಡಿಸಲು ಅಲುಗಾಟವೇ ಇಲ್ಲ, ತೇಲುವ ಗಾಜಿನ ಗುಂಪು ಸುಮ್ಮನೆ ತನ್ನ ಸ್ಥಾನ ಬದಲಿಸಿದರೆ ಚಿತ್ರದ ಚೌಕಟ್ಟು ಕೂದಲೆಳೆಯಷ್ಟು ಸರಿದು, ಪದರ ಪದರವಾಗಿ ತೆಗೆದ ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ಆದ್ದರಿಂದ ಸ್ಥಿರೀಕರಣದ ಐಎಸ್ ಗುಂಡಿಯನ್ನು ಆರಿಸಿಯೇ ಇಡಬೇಕು. ಎಫ್/2.8ರ ವಿಶಾಲ ಬಾಯಿಯ (ಎಫ್ ಅಂಕಿ ಹೆಚ್ಚಿದಷ್ಟು ಕಿಂಡಿ ಕಿರಿದು) ಪಾಡೂ ಅಷ್ಟೇ: ಫೋಕಸ್ ಹಿಡಿಯುವಾಗ ತೆರೆ ಬೆಳ್ಳಗೆ ಕಾಣಲು ಅದು ನೆರವಾಗುತ್ತದೆ, ಚಿತ್ರ ತೆಗೆಯುವಾಗ ಅದನ್ನು ಮುಟ್ಟುವವರಿಲ್ಲ. ಬೇಡದ ಬೆಳಕನ್ನು ತಡೆಯಲು ಜೊತೆಗೆ ಬರುವ ಉದ್ದನೆಯ ಹುಡ್ಡನ್ನು ತೊಡಿಸಿದರೆ ಕಷ್ಟಪಟ್ಟು ಸಂಪಾದಿಸಿದ ಹದಿಮೂರು ಸೆಂ.ಮೀ.ಗಳಲ್ಲಿ ದೊಡ್ಡ ಪಾಲನ್ನು ಅದೇ ತಿಂದುಹಾಕುತ್ತದೆ. ಅದು ಪೆಟ್ಟಿಗೆಯಲ್ಲೇ ಇರಲಿ.

ಇನ್ನು ಸ್ಪಷ್ಟತೆಯ ವಿಚಾರ. 36 ಮಿ.ಮೀ. ಅಗಲದ ಪೂರ್ಣ ಚೌಕಟ್ಟಿನ, 24 ಮೆಗಾಪಿಕ್ಸೆಲ್ ಸೆನ್ಸರಿನ ಮೇಲೆ 1:1ರಲ್ಲಿ ನಾಣ್ಯದ ಪ್ರತಿ ಮಿಲಿಮೀಟರಿಗೆ ಸುಮಾರು 166 ಪಿಕ್ಸೆಲ್ ಸಿಗುತ್ತವೆ. ಒಂದು ಡೆನೇರಿಯಸ್ ಅಡ್ಡಲಾಗಿ ಮೂರು ಸಾವಿರ ಪಿಕ್ಸೆಲ್ ದಾಟುತ್ತದೆ, ಅಧ್ಯಯನಕ್ಕೆ ಇದು ಧಾರಾಳ. ಆದರೆ 1:1ರಲ್ಲಿ ಅಪರ್ಚರಿನ ಲೆಕ್ಕ ಬದಲಾಗುತ್ತದೆ. ಕ್ಯಾಮೆರಾದ ತೆರೆಯ ಮೇಲೆ ಎಫ್/8 ಎಂದಿದ್ದರೂ ಪರಿಣಾಮದಲ್ಲಿ ಅದು ಎಫ್/16ರ ಆಸುಪಾಸು, ಕ್ಯಾನನ್ ಕ್ಯಾಮೆರಾಗಳು ಈ ಬದಲಾವಣೆಯನ್ನು ಅಂಕಿಯಲ್ಲಿ ತೋರಿಸುವುದಿಲ್ಲ. ಆಳ ಹೆಚ್ಚಲೆಂದು ಎಫ್/16, ಎಫ್/22ಕ್ಕೆ ಹೋದವರಿಗೆ ಇಡೀ ನಾಣ್ಯ ಒಂದೇ ಸಮನೆ ಮಂಕಾಗಿ ಬರುವುದು ಇದೇ ಕಾರಣಕ್ಕೆ. ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುತ್ತದೆ, ಎಂಥ ಲೆನ್ಸಾದರೂ ಅದಕ್ಕೆ ಮದ್ದಿಲ್ಲ. ನನ್ನ ಅನುಭವದಲ್ಲಿ ಈ ಲೆನ್ಸ್ ನಾಣ್ಯದ ಮೇಲೆ ಎಫ್/5.6 ಮತ್ತು ಎಫ್/8ರ ನಡುವೆ ತನ್ನ ಉತ್ತಮ ರೂಪದಲ್ಲಿರುತ್ತದೆ. ತೆರೆದ ಬಾಯಿಯಲ್ಲಿ ಬೆಳ್ಳಿಯ ಉಬ್ಬಿನ ಅಂಚುಗಳಲ್ಲಿ ಇಣುಕುವ ಹಸಿರು, ನೇರಳೆ ಎಳೆಗಳೂ ಅಷ್ಟರಲ್ಲಿ ಅಡಗಿರುತ್ತವೆ.

ಎಫ್/8ರಲ್ಲಿ, ಕಟ್ಟುನಿಟ್ಟಿನ ಲೆಕ್ಕ ಹಿಡಿದರೆ, ಚುರುಕಾಗಿ ಕಾಣುವ ಆಳ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಇಂದಿನ ಚಲಾವಣೆಯ ನಾಣ್ಯಗಳ ಉಬ್ಬು ತೆಳುವಾದ್ದರಿಂದ ಒಂದೇ ಚಿತ್ರದಲ್ಲಿ ಮುಗಿಯುತ್ತದೆ. ಪ್ರಾಚೀನ ಗ್ರೀಕ್ ನಾಣ್ಯಗಳ ಎತ್ತರದ ಉಬ್ಬಿಗೆ ಅದು ಸಾಲದು, ಫೋಕಸನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಹಲವು ಚಿತ್ರ ತೆಗೆದು ಸಾಫ್ಟ್‌ವೇರಿನಲ್ಲಿ ಒಂದಾಗಿಸಬೇಕು. ಇಲ್ಲಿ ಈ ಲೆನ್ಸಿನ ಒಂದು ಸ್ವಭಾವ ತಿಳಿದಿರಬೇಕು. ಸರಳ ಗಣಿತದಂತೆ ನಿಜವಾದ 100 ಮಿ.ಮೀ. ಲೆನ್ಸಿಗೆ 1:1 ಬಿಂಬಕ್ಕೆ ಒಟ್ಟು 40 ಸೆಂ.ಮೀ. ದೂರ ಬೇಕು, ಇದು 30ರಲ್ಲೇ ಮುಗಿಸುತ್ತದೆ. ಅಂದರೆ ಹತ್ತಿರ ಬಂದಂತೆ ಅದು ಒಳಗೊಳಗೇ ತನ್ನ ಫೋಕಲ್ ಉದ್ದವನ್ನು ಕುಗ್ಗಿಸಿಕೊಳ್ಳುತ್ತದೆ. ಆದ್ದರಿಂದ ಉಂಗುರ ತಿರುಗಿಸಿದಾಗ ಫೋಕಸಿನ ಜೊತೆ ಬಿಂಬದ ಗಾತ್ರವೂ ತುಸು ಬದಲಾಗುತ್ತದೆ. ನಾನು ಪಾಲಿಸುವ ಕ್ರಮವೆಂದರೆ, ಒಂದು ತಂಡದ ನಾಣ್ಯಗಳಿಗೆ ಬೇಕಾದ ಗಾತ್ರವನ್ನು ಉಂಗುರದಲ್ಲಿ ನಿಗದಿಪಡಿಸಿ, ಆಟೊಫೋಕಸ್ ಆರಿಸಿ, ಉಂಗುರಕ್ಕೆ ಅಂಟುಪಟ್ಟಿ ಸುತ್ತಿಬಿಡುವುದು. ಆಮೇಲೆ ಫೋಕಸ್ ಮಾಡುವುದೆಲ್ಲ ಕಂಬದ ಹಲ್ಲುಚಕ್ರದಿಂದ, ಇಲ್ಲವೇ ನಾಣ್ಯದ ಕೆಳಗಿನ ಪುಟ್ಟ ಜಾಕಿಯಿಂದ. ಹೀಗೆ ಮಾಡಿದರೆ ದಪ್ಪ ತಾಮ್ರದ ಬಿಲ್ಲೆಯೂ ತೆಳು ಬೆಳ್ಳಿಯ ತಗಡೂ ಒಂದೇ ಅಳತೆಯಲ್ಲಿ ದಾಖಲಾಗುತ್ತವೆ. ಅಳತೆಪಟ್ಟಿ ಮಾತ್ರ ಮೇಜಿನ ಮಟ್ಟದಲ್ಲಲ್ಲ, ನಾಣ್ಯದ ಮೇಲ್ಮೈ ಮಟ್ಟದಲ್ಲಿರಬೇಕು. ಇಲ್ಲದಿದ್ದರೆ ಚಿತ್ರದಿಂದ ಅಳೆದ ವ್ಯಾಸವೂ ಕ್ಯಾಲಿಪರಿನ ವ್ಯಾಸವೂ ಹೊಂದುವುದಿಲ್ಲ.

ಆಟೊಫೋಕಸ್ ವೇಗವಾಗಿದೆ, ಸದ್ದಿಲ್ಲದ್ದು, ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಮೂರು ಹಂತದ ಗುಂಡಿಯೂ ಇದೆ. ನೋಟುಗಳಿಗೆ ಉಪಯೋಗ, ನಾಣ್ಯಕ್ಕೆ ಬೇಡ. ಅಪರ್ಚರ್ ಉಂಗುರ ಇಲ್ಲದ್ದರಿಂದ ಬೆಲ್ಲೋಸಿಗೆ (ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಹಾಕುವ ಮಡಿಕೆ ಕೊಳವೆಗೆ) ತೊಡಿಸಿದಾಗ ಕಿಂಡಿ ಹೊಂದಿಸಲು ಆಗುವುದಿಲ್ಲ. ಟ್ರೈಪಾಡ್ ಕಾಲರ್ ಪ್ರತ್ಯೇಕವಾಗಿ ಕೊಳ್ಳಬೇಕು, ಆದರೆ ಸ್ಟ್ಯಾಂಡಿನ ಕೆಲಸದಲ್ಲಿ ಕ್ಯಾಮೆರಾವನ್ನೇ ಬಿಗಿಯುವುದರಿಂದ ನನಗೆ ಅದರ ಅಗತ್ಯ ಬಿದ್ದಿಲ್ಲ.

ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಅದು ಮೇಜಿಗೆ ಸರಿಯಾಗಿ ಲಂಬವಾಗಿಲ್ಲದಿದ್ದರೆ ನಾಣ್ಯದ ಒಂದು ಬದಿ ಚುರುಕಾಗಿ, ಇನ್ನೊಂದು ಬದಿ ಮಸುಕಾಗಿ ಬಂದು, ತಪ್ಪನ್ನು ಲೆನ್ಸಿನ ತಲೆಗೆ ಕಟ್ಟುವಂತಾಗುತ್ತದೆ. ರಸಮಟ್ಟ ಇಟ್ಟು ನೋಡುವುದು ಆರಂಭಕ್ಕೆ ಸಾಕು. ನಿಖರತೆಗೆ ಮೇಜಿನ ಮೇಲೆ ಒಂದು ಚಪ್ಪಟೆ ಕನ್ನಡಿ ಇಟ್ಟು, ಅದರಲ್ಲಿ ಕಾಣುವ ಲೆನ್ಸಿನ ಬಾಯಿ ತೆರೆಯ ಮಧ್ಯಬಿಂದುವಿನಲ್ಲಿ ಬರುವಂತೆ ಕ್ಯಾಮೆರಾವನ್ನು ಹೊಂದಿಸುವುದು ಉತ್ತಮ. ಕನ್ನಡಿಯಲ್ಲಿ ವೃತ್ತದೊಳಗೆ ವೃತ್ತ ಸಮನಾಗಿ ಕೂತ ಕ್ಷಣ ಗೊತ್ತಾಗಿಬಿಡುತ್ತದೆ. ಈ ಲೆನ್ಸಿನ ಬಿಂಬಕ್ಷೇತ್ರ ಚಪ್ಪಟೆಯಾಗಿರುವುದರಿಂದ, ಹೊಂದಾಣಿಕೆ ಸರಿಯಿದ್ದರೆ ನಾಲ್ಕು ಮೂಲೆಗಳೂ ಮಧ್ಯದಷ್ಟೇ ನಿಚ್ಚಳವಾಗಿರುತ್ತವೆ.

ನೋಟುಗಳ ವಿಭಾಗಕ್ಕೆ ಬಂದರೆ ನನ್ನ ಉತ್ಸಾಹ ಸ್ವಲ್ಪ ಇಳಿಯುತ್ತದೆ. ಮಿಂಗ್ ನೋಟನ್ನು ಅಂಚುಸಹಿತ ಚೌಕಟ್ಟಿನಲ್ಲಿ ಕೂರಿಸಲು 1:10ರಷ್ಟು ಕಿರಿದು ಮಾಡಬೇಕು. 100 ಮಿ.ಮೀ. ಲೆನ್ಸಿನಲ್ಲಿ ಅದಕ್ಕೆ ನೋಟಿನಿಂದ ಸೆನ್ಸರಿಗೆ ಸುಮಾರು 1.2 ಮೀಟರ್ ದೂರ ಬೇಕು, ಸಾಧಾರಣ ಸ್ಟ್ಯಾಂಡಿನ ಕಂಬ ಅಷ್ಟು ಎತ್ತರಕ್ಕೆ ಏರುವುದಿಲ್ಲ. 50 ಮಿ.ಮೀ. ಮ್ಯಾಕ್ರೊ ಅದನ್ನೇ 60 ಸೆಂ.ಮೀ.ನಲ್ಲಿ ಮುಗಿಸುತ್ತದೆ. ಚಲಾವಣೆಯ ಗಾತ್ರದ ನೋಟುಗಳಿಗೆ ಮಾತ್ರ ಈ ಲೆನ್ಸ್ ಒಳ್ಳೆಯ ಸಂಗಾತಿ. ನೋಟಿನ ಅಂಚಿನ ನೇರ ಗೆರೆಗಳೂ ಜಾಲರಿ ಚಿತ್ತಾರಗಳೂ ಬಾಗದೆ ಬರುತ್ತವೆ. ತೆರೆದ ಬಾಯಿಯಲ್ಲಿ ಮೂಲೆಗಳು ಕಪ್ಪಾದರೂ ಎಫ್/8ರಲ್ಲಿ ಅದು ನಗಣ್ಯ, ಉಳಿದ ಏರುಪೇರನ್ನು ಖಾಲಿ ಬಿಳಿ ಹಾಳೆಯ ಚಿತ್ರ ತೆಗೆದು ಸಾಫ್ಟ್‌ವೇರಿನಲ್ಲಿ ಸಮಮಾಡಬಹುದು. ಸ್ಟ್ಯಾಂಡಿನ ಮೇಲೆ ನಿಧಾನದ ಶಟರ್ ಬಳಸಲು ಅಡ್ಡಿಯಿಲ್ಲವಾದ್ದರಿಂದ ಹಳೆಯ ಕಾಗದದ ಮೇಲೆ ತೀಕ್ಷ್ಣ ಬೆಳಕು ಸುರಿಯುವ ಅಗತ್ಯವೂ ಇಲ್ಲ.

ಪಾಲಿಮರ್ ನೋಟುಗಳು ಬೇರೆ ಬಗೆಯ ಪರೀಕ್ಷೆ. ಆಸ್ಟ್ರೇಲಿಯಾ 1988ರಲ್ಲಿ ತಂದ ಪ್ಲಾಸ್ಟಿಕ್ ನೋಟಿನಿಂದ ಮೊದಲಾಗಿ ಇಂದಿನವರೆಗೆ ಅವುಗಳ ನಯವಾದ ಮೈ ದೀಪವನ್ನು ಮುಖಕ್ಕೆ ರಾಚುತ್ತದೆ. ಆಗ ದೀಪಗಳಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಅಡ್ಡ ಕೋನದಲ್ಲಿ ಪೋಲರೈಸರ್ ಹಾಕಿದರೆ ಹೊಳಪು ಕರಗಿ ಶಾಯಿಯ ಬಣ್ಣ ಎದ್ದುಬರುತ್ತದೆ. ಲೆನ್ಸಿನ ಮುಂಭಾಗ ತಿರುಗದಿರುವುದು ಇಲ್ಲಿ ಮತ್ತೆ ಉಪಕಾರಿ, ಏಕೆಂದರೆ ಒಮ್ಮೆ ಹೊಂದಿಸಿದ ಕೋನ ಫೋಕಸ್ ಮಾಡುವಾಗ ತಪ್ಪುವುದಿಲ್ಲ. ಇದೇ ಉಪಾಯವನ್ನು ನಾಣ್ಯಕ್ಕೆ ಬಳಸಬಾರದು. ಲೋಹದಿಂದ ಹಿಂದಿರುಗುವ ಬೆಳಕು ತನ್ನ ಧ್ರುವೀಕರಣವನ್ನು (ಕಂಪನದ ದಿಕ್ಕನ್ನು) ಉಳಿಸಿಕೊಂಡೇ ಬರುವುದರಿಂದ ಪೋಲರೈಸರ್ ಅದನ್ನು ಹೊಳಪೆಂದು ತಿಳಿದು ತಡೆದುಬಿಡುತ್ತದೆ, ಚಿನ್ನವೂ ಸೀಸದಂತೆ ಜೀವವಿಲ್ಲದೆ ಬರುತ್ತದೆ. ಜಲಚಿಹ್ನೆಗೆ ಕೆಳಗಿನಿಂದ ಬೆಳಕು, ಇಂಟಾಗ್ಲಿಯೊ ಮುದ್ರಣದ ಉಬ್ಬಿಗೆ ಅಂಚಿನಿಂದ ಸವರುವ ಬೆಳಕು, ಮಿನುಗುವ ಎಳೆಗಳಿಗೆ 365 ನ್ಯಾನೊಮೀಟರಿನ ನೇರಳಾತೀತ ದೀಪ, ಇವುಗಳಲ್ಲಿ ಲೆನ್ಸಿನ ಪಾತ್ರ ಸಣ್ಣದು. ಕೊನೆಯದಕ್ಕೆ ಮುಂದೊಂದು ಯುವಿ ತಡೆ ಫಿಲ್ಟರ್ ಬೇಕು, 67 ಮಿ.ಮೀ. ಅಳತೆಯಲ್ಲಿ ಅದು ಸುಲಭವಾಗಿ ಸಿಗುತ್ತದೆ. ಅಂದಹಾಗೆ, ಇಷ್ಟೆಲ್ಲ ಮಾಡಿ ತೆಗೆದ ಇತ್ತೀಚಿನ ನೋಟಿನ ಚಿತ್ರವನ್ನು ಫೋಟೊಶಾಪ್ ಖೋಟಾ ತಡೆಯುವ ಏರ್ಪಾಡಿನ ಕಾರಣ ತೆರೆಯಲು ನಿರಾಕರಿಸಬಹುದು. ಕೆಲಸದ ಕ್ರಮವನ್ನು ನಿರ್ಧರಿಸುವಾಗಲೇ ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

1:1 ಸಾಲದ ಸಂದರ್ಭಗಳೂ ಇವೆ. ಟಂಕಸಾಲೆಯ ಪುಟ್ಟ ಗುರುತು, ಒಂದೇ ಅಚ್ಚಿನಿಂದ ಹೊಡೆದ ಎರಡು ನಾಣ್ಯಗಳನ್ನು ಹೋಲಿಸುವ ಕೆಲಸ, ಮೊದಲು ಹೇಳಿದ ಎಲೆಕ್ಟ್ರಮ್ ಚೂರು, ಇವಕ್ಕೆ ಕ್ಯಾನನ್ನಿನದೇ ಎಂಪಿ-ಇ 65 ಮಿ.ಮೀ. ಲೆನ್ಸ್ 1ರಿಂದ 5 ಪಟ್ಟಿನವರೆಗೆ ಹಿಗ್ಗಿಸುತ್ತದೆ. ಆದರೆ 5 ಪಟ್ಟಿನಲ್ಲಿ ಅದು ಬಿಡುವ ಜಾಗ 4 ಸೆಂ.ಮೀ. ಮಾತ್ರ, ಓರೆ ಗಾಜಿನ ಮಾತನ್ನು ಮರೆಯಬೇಕಾಗುತ್ತದೆ. ಹಾಗಾಗಿ ಎರಡು ಪಟ್ಟಿನೊಳಗಿನ ಕೆಲಸಕ್ಕೆ 100 ಮಿ.ಮೀ. ಲೆನ್ಸಿಗೇ, ಅದನ್ನು ಕ್ಯಾಮೆರಾದಿಂದ ದೂರವಿಟ್ಟು ಬಿಂಬ ಹಿಗ್ಗಿಸುವ ವಿಸ್ತರಣಾ ಕೊಳವೆಗಳನ್ನು ಜೋಡಿಸಿ ತೆಗೆಯುವುದನ್ನು ನಾನು ಮೆಚ್ಚುತ್ತೇನೆ.

ಕೊಳ್ಳುವವರ ಮುಂದೆ ಈಗ 2021ರಲ್ಲಿ ಬಂದ ಆರ್‌ಎಫ್ ಆವೃತ್ತಿಯೂ ಇದೆ. ಅದು 1.4 ಪಟ್ಟಿನವರೆಗೆ ಹೋಗುತ್ತದೆ, ಕನ್ನಡಿಯಿಲ್ಲದ ಕ್ಯಾಮೆರಾಗಳಿಗೆ ನೇರವಾಗಿ ಕೂರುತ್ತದೆ. ಅಷ್ಟು ಹಿಗ್ಗಿಸಲು ಅದು ಸೆನ್ಸರಿನಿಂದ 26 ಸೆಂ.ಮೀ.ನಷ್ಟು ಹತ್ತಿರ ಬರಬೇಕಾಗುತ್ತದೆ, ಬೆಳಕಿನ ಜಾಗ ಅಷ್ಟರಮಟ್ಟಿಗೆ ಕುಗ್ಗುತ್ತದೆ. ವಿಭಾಗದಲ್ಲಿ ಒಂದೇ ಲೆನ್ಸ್ ಇರಬೇಕು, ಅದೇ ಲೆನ್ಸ್ ಪ್ರದರ್ಶನಾಂಗಣದ ಗಾಜಿನ ಕಪಾಟುಗಳ ಮುಂದೆ ಕೈಯಲ್ಲೂ ಓಡಾಡಬೇಕು ಎನ್ನುವ ಸಂಸ್ಥೆಗೆ ಇಎಫ್ ಎಲ್ ಆವೃತ್ತಿ ಸರಿಯಾದ ಆಯ್ಕೆ, ಅಲ್ಲಿ ಅದರ ಸ್ಥಿರೀಕರಣಕ್ಕೂ ಕೊನೆಗೆ ಕೆಲಸ ಸಿಗುತ್ತದೆ. ಕ್ಯಾಮೆರಾ ಸ್ಟ್ಯಾಂಡಿನಿಂದ ಇಳಿಯುವುದೇ ಇಲ್ಲ ಎನ್ನುವವರು ಸುಸ್ಥಿತಿಯಲ್ಲಿರುವ ಹಳೆಯ 100 ಮಿ.ಮೀ. ಯುಎಸ್‌ಎಂ ಲೆನ್ಸನ್ನು ಹುಡುಕಿ, ಕನ್ನಡಿಯಿಲ್ಲದ ಕ್ಯಾಮೆರಾ ಇದ್ದರೆ ಅಡಾಪ್ಟರ್ ಜೊತೆ ಕೊಂಡು, ಉಳಿದ ಹಣವನ್ನು ಬಣ್ಣನಿಷ್ಠೆಯ ದೀಪಗಳಿಗೂ ಅಲುಗದ ಕಂಬಕ್ಕೂ ಹಾಕಲಿ.